ಲೈನಿಗಿಂತ ಮೊದಲು ಬಂದ ಜನರೇಟರ್

ಕರೆಂಟು ಹೋದ ರಾತ್ರಿ ನಮ್ಮ ಮನೆಯ ತಾರಸಿ ಹತ್ತಿದರೆ ದೂರದ ಗುಡ್ಡದ ಸಾಲಿನಲ್ಲಿ ಕೆಂಪು ದೀಪಗಳು ಮಿಣುಕುತ್ತಿರುತ್ತವೆ. ಗಾಳಿಯಂತ್ರಗಳ ದೀಪ ಅವು. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ದುರ್ಗ, ಯಾವ ಕಡೆ ಹೋದರೂ ಒಂದಲ್ಲ ಒಂದು ಗುಡ್ಡದ ಮೇಲೆ ಅವು ತಿರುಗುತ್ತಿರುತ್ತವೆ. ಕೆಳಗೆ ಊರೆಲ್ಲ ಕತ್ತಲು. ಮಕ್ಕಳು ಕೇಳ್ತಾರೆ, "ಕರೆಂಟು ಮಾಡೋ ಫ್ಯಾನ್ ನಮ್ಮೂರಲ್ಲೇ ಇದೆಯಲ್ಲ, ಮತ್ತೆ ನಮ್ಮನೇಲಿ ಯಾಕಿಲ್ಲ?"

ಉತ್ತರ ಸುಲಭ. ಆ ಕರೆಂಟು ಗುಡ್ಡದಿಂದ ನೇರ ಊರಿಗೆ ಇಳಿಯುವುದಿಲ್ಲ. ಮೊದಲು ಗ್ರಿಡ್‌ಗೆ ಹೋಗಿ, ಸ್ಟೇಷನ್‌ಗೆ ಬಂದು, ಫೀಡರ್ ಹಿಡಿದು, ಟಿ.ಸಿ. ದಾಟಿ ಮನೆಗೆ ಬರಬೇಕು. ನಡುವೆ ಒಂದು ಮರದ ಕೊಂಬೆ ಬಿದ್ದರೂ ಮುಗಿಯಿತು. ಆಗ ಯಾರದೋ ಮನೆಯ ಹಿಂದೆ ಜನರೇಟರ್ ಸದ್ದು ಶುರುವಾಗುತ್ತದೆ.

ಆ ಸದ್ದಿನ ಹಿಂದೆ ಹೋಗೋಣ ಅಂತಲೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಮನೆಯ ಜನರೇಟರ್ ಮಾಡಿದ ಒಂದು ಅನಾಹುತವೂ ಇದರಲ್ಲಿದೆ, ಅದನ್ನು ಕೊನೆಗೆ ಹೇಳುತ್ತೇನೆ.

ಮೈಸೂರು ಸಂಸ್ಥಾನದ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಎರಡು ದೊಡ್ಡ ಕೆಲಸಗಳಿಗೆ ಕೈ ಹಾಕಲಾಯಿತು. ಒಂದು ನಮ್ಮದು, ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯ ಅಣೆಕಟ್ಟು, ಈಗಿನ ವಾಣಿವಿಲಾಸ ಸಾಗರ. ಇನ್ನೊಂದು ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುತ್ ತಯಾರಿಸುವುದು. ಅಯ್ಯರ್ 1901ರಲ್ಲಿ ತೀರಿಕೊಂಡರು, ಎರಡೂ ಮುಗಿದದ್ದನ್ನು ನೋಡಲಿಲ್ಲ. 1902ರ ಜೂನ್ 30ರಂದು ಶಿವನಸಮುದ್ರದಿಂದ ಕರೆಂಟು ಹೊರಟಿತು. ಎಲ್ಲಿಗೆ? ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ. ಅಷ್ಟು ದೂರ ಲೈನ್ ಎಳೆದದ್ದು ಆಗ ಜಗತ್ತಿನಲ್ಲೇ ಅಪರೂಪ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರ ಆಗಸ್ಟ್‌ನಲ್ಲಿ. ಮಾರಿಕಣಿವೆ ಮುಗಿದದ್ದು 1907ರಲ್ಲಿ.

ಅಂದರೆ ಒಬ್ಬರೇ ದಿವಾನರ ಕಾಲದಲ್ಲಿ ಶುರುವಾದ ಕೆಲಸಗಳಿಂದ ಗಣಿಗೆ ಬೆಳಕು ಹೋಯಿತು, ನಮಗೆ ನೀರು ಬಂತು. ಆ ನೀರು ಸಣ್ಣದೇನಲ್ಲ, ಹಿರಿಯೂರಿನ ತೋಟ ನೋಡಿದವರಿಗೆ ಗೊತ್ತು. ಬೆಳಕಿನ ವಿಷಯದಲ್ಲಿ ಮಾತ್ರ ನಾವು ಬಹಳ ಕಾಲ ಸೀಮೆಎಣ್ಣೆ ಬುಡ್ಡಿಯಲ್ಲೇ ಉಳಿದೆವು.

ನಮ್ಮ ಕಡೆಯ ಹಳ್ಳಿಗಳಿಗೆ ಕಂಬ, ತಂತಿ ಬರುವುದಕ್ಕೆ ಮೊದಲು ಬಂದದ್ದು ಇಂಜಿನ್. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರ್ ತನ್ನ ಇಂಜಿನ್ ಸರಿಯಾಗಿ ಓಡುತ್ತದೆ ಎಂದು ತೋರಿಸಿದ್ದು 1897ರಲ್ಲಿ. ಅದನ್ನು ನಮ್ಮ ರೈತರ ಹೊಲದ ಬದುವಿನವರೆಗೆ ತಂದವರಲ್ಲಿ ಕಿರ್ಲೋಸ್ಕರ್ ಮನೆತನದವರು ಮುಖ್ಯರು. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಆಮೇಲೆ ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಈಗಿನ ಮಹಾರಾಷ್ಟ್ರದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದವರು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಹರಿಹರ ಆಗ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು, 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಆ ಕಡೆ ಹೋಯಿತು. ಅಲ್ಲಿ ತಯಾರಾಗುತ್ತಿದ್ದದ್ದು ಲೇತ್ ಯಂತ್ರಗಳು. ಡೀಸೆಲ್ ಇಂಜಿನ್‌ಗೆಂದೇ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ ಕಂಪನಿ 1946ರಲ್ಲಿ ಪುಣೆಯಲ್ಲಿ ಹುಟ್ಟಿತು. ಅದೇ ವರ್ಷ ಬೆಂಗಳೂರಿನಲ್ಲಿ ಮೋಟಾರು ಮಾಡುವ ಕಿರ್ಲೋಸ್ಕರ್ ಎಲೆಕ್ಟ್ರಿಕ್.

ಇಂಜಿನ್ ಬರುವ ಮುಂಚೆ ಬಾವಿಯಿಂದ ನೀರೆತ್ತಲು ಕಪಿಲೆ ಹೊಡೆಯಬೇಕಿತ್ತು. ಎರಡು ಎತ್ತು, ತೊಗಲಿನ ಚೀಲ, ಒಬ್ಬ ಆಳು, ಬೆಳಗಿನ ಜಾವದಿಂದ ಕೆಲಸ. ನಮ್ಮ ತಾತ ಕಪಿಲೆ ಹೊಡೆದವರು. ಅವರಿಗೆ ಇಂಜಿನ್ ಅಂದರೆ ಎತ್ತುಗಳಿಗೆ ಸಿಕ್ಕ ಬಿಡುಗಡೆ. ಅದನ್ನು ಸ್ಟಾರ್ಟ್ ಮಾಡುವುದೂ ಸುಲಭವಿರಲಿಲ್ಲ. ಹ್ಯಾಂಡಲ್ ಹಾಕಿ ಇಬ್ಬರು ತಿರುಗಿಸಬೇಕು. ಹಿಡಿದುಕೊಂಡಾಗ ಹ್ಯಾಂಡಲ್ ಬಿಡದಿದ್ದರೆ ಕೈ ಮುರಿಯುತ್ತಿತ್ತು. ಹಾಗೆ ಕೈ ಮುರಿಸಿಕೊಂಡವರು ಪ್ರತಿ ಊರಿನಲ್ಲೂ ಒಬ್ಬರಾದರೂ ಇದ್ದರು ಅಂತ ತಾತ ನಗುತ್ತಿದ್ದರು.

ಈ ಇಂಜಿನ್‌ಗೆ ಬೆಲ್ಟ್ ಹಾಕಿದರೆ ರಾಗಿ ಮಿಲ್ಲು. ಅದೇ ಬೆಲ್ಟನ್ನು ಡೈನಮೋಗೆ ಹಾಕಿದರೆ ಕರೆಂಟು. ಜನರೇಟರ್ ಅಂದರೆ ಇವತ್ತಿಗೂ ಇಷ್ಟೆ: ಒಂದು ಇಂಜಿನ್, ಅದು ತಿರುಗಿಸುವ ತಾಮ್ರದ ಸುರುಳಿ ಮತ್ತು ಅಯಸ್ಕಾಂತ.

ತಾತ ಜೀವನದಲ್ಲಿ ಮೊದಲ ಸಲ ಕರೆಂಟಿನ ಬೆಳಕು ನೋಡಿದ್ದು ಟೂರಿಂಗ್ ಟಾಕೀಸಿನಲ್ಲಿ. ಊರಾಚೆಯ ಬಯಲಿನಲ್ಲಿ ಟೆಂಟು, ಟೆಂಟಿನ ಹಿಂದೆ ಇಂಜಿನ್. ಅದು ಕೊಡುವ ಕರೆಂಟಿನಿಂದ ಎರಡು ಕಾರ್ಬನ್ ಕಡ್ಡಿಗಳ ನಡುವೆ ಕಣ್ಣು ಕುಕ್ಕುವ ಬೆಳಕು ಹೊತ್ತಿಸಿ ಪರದೆ ಮೇಲೆ ಸಿನಿಮಾ ಬಿಡುತ್ತಿದ್ದರು. ಸಂಜೆ ಸ್ಪೀಕರ್‌ನಲ್ಲಿ ದೇವರ ಹಾಡು ಹಾಕಿದರೆ ಸುತ್ತಲಿನ ನಾಲ್ಕು ಹಳ್ಳಿಗೆ ಶೋ ಶುರುವಾಗುವ ಸೂಚನೆ. ಇಂಜಿನ್ ಕೆಟ್ಟರೆ ಶೋ ಬಂದ್, ನಾಳೆ ಅದೇ ಟಿಕೆಟ್ ತೋರಿಸಿ ಒಳಗೆ ಹೋಗಬಹುದಿತ್ತಂತೆ. ಜಾತ್ರೆಗಳಲ್ಲಿ ಮೊದಲು ಪೆಟ್ರೋಮ್ಯಾಕ್ಸ್, ಆಮೇಲೆ ಬಾಡಿಗೆ ಜನರೇಟರ್ ಮತ್ತು ಸೀರಿಯಲ್ ಸೆಟ್. ಹೀಗಾಗಿ ನಮ್ಮ ತಾತನಂಥವರಿಗೆ ಜನರೇಟರ್ "ಬ್ಯಾಕಪ್" ಆಗಿರಲಿಲ್ಲ. ಅದೇ ಮೊದಲ ಕರೆಂಟು. ಲೈನ್ ಆಮೇಲೆ ಬಂತು.

ಲೈನಿನ ಕತೆಯಲ್ಲಿ ನಮ್ಮ ಜಿಲ್ಲೆಯ ಒಬ್ಬರಿದ್ದಾರೆ. ಎಸ್. ನಿಜಲಿಂಗಪ್ಪನವರು ಮೊದಲ ಸಲ ಮುಖ್ಯಮಂತ್ರಿಯಾಗಿದ್ದಾಗ, 1957ರ ಅಕ್ಟೋಬರ್‌ನಲ್ಲಿ ವಿದ್ಯುತ್ ಮಂಡಳಿ, ಅಂದರೆ ನಮ್ಮ ಹಿರಿಯರು ಇವತ್ತಿಗೂ ಹೇಳುವ "ಕೆಇಬಿ" ಹುಟ್ಟಿತು. 1962ರ ಚುನಾವಣೆಯಲ್ಲಿ ಅವರು ಹೊಸದುರ್ಗದಲ್ಲಿ ಸೋತರು. (ಈ ಮಾತು ತೆಗೆದರೆ ನಮ್ಮ ಹೊಸದುರ್ಗದ ಹಿರಿಯರು ಈಗಲೂ ಎರಡು ಪಕ್ಷವಾಗುತ್ತಾರೆ.) ಆಮೇಲೆ ಬಾಗಲಕೋಟೆಯಿಂದ ಗೆದ್ದು ಮತ್ತೆ ಮುಖ್ಯಮಂತ್ರಿಯಾದರು. ಆ ಅವಧಿಯಲ್ಲೇ, 1964ರಿಂದ, ಶರಾವತಿಯ ಕರೆಂಟು ಹರಿಯತೊಡಗಿತು. ಹಳ್ಳಿಗಳಿಗೆ ಕಂಬಗಳು ಬಂದವು. ಇಂಜಿನ್ ಪಂಪುಗಳ ಜಾಗಕ್ಕೆ ಕರೆಂಟ್ ಮೋಟಾರು ಬಂತು. ಹಳೆಯ ಇಂಜಿನ್ನುಗಳು ದನದ ಕೊಟ್ಟಿಗೆಯ ಮೂಲೆ ಸೇರಿದವು.

ಆದರೆ ಒಂದು ತೊಡಕಿತ್ತು. ರಾಜ್ಯದ ಕರೆಂಟೆಲ್ಲ ಹೆಚ್ಚುಕಡಿಮೆ ನೀರಿನ ಮೇಲೆ ನಿಂತಿತ್ತು. ಮಲೆನಾಡಿನಲ್ಲಿ ಮಳೆ ಕೈಕೊಟ್ಟರೆ ಹಿರಿಯೂರಿನಲ್ಲಿ ದೀಪ ಆರುತ್ತಿತ್ತು. ಕಲ್ಲಿದ್ದಲಿನಿಂದ ಕರೆಂಟು ಮಾಡುವ ರಾಯಚೂರು ಸ್ಥಾವರದ ಮೊದಲ ಘಟಕ ಬಂದದ್ದು 1985ರಲ್ಲಿ. ಅದಕ್ಕೂ ಮುಂಚೆ, ಆಮೇಲೂ, "ಲೋಡ್ ಶೆಡ್ಡಿಂಗ್" ಅನ್ನುವ ಮಾತು ಓದುಬರಹ ಬಾರದವರ ಬಾಯಲ್ಲೂ ಓಡಾಡತೊಡಗಿತು. ಜನರೇಟರ್ ಬ್ಯಾಕಪ್ ಆದದ್ದು ಆಗ.

ಆ ಕಾಲದಲ್ಲೇ ಕೈಯಲ್ಲಿ ಎತ್ತಿಕೊಂಡು ಹೋಗುವಂಥ ಪುಟ್ಟ ಜನರೇಟರ್‌ಗಳು ಬಂದವು. ಹೋಂಡಾ, ಯಮಹಾ ಹೆಸರಿನವು. ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಗುಬುಟು ತಿರುಗಿಸಿ ಸೀಮೆಎಣ್ಣೆಗೆ ಬದಲಾಯಿಸುವುದು. ಹೈವೇ ಪಕ್ಕದ ಹೋಟೆಲು, ಫೋಟೋ ಸ್ಟುಡಿಯೋ, ಜೆರಾಕ್ಸ್ ಅಂಗಡಿ, ದಂತವೈದ್ಯರು, ಎಲ್ಲರ ಬಾಗಿಲ ಮುಂದೆ ಒಂದೊಂದು. ರೇಷನ್ನಿನ ನೀಲಿ ಸೀಮೆಎಣ್ಣೆ ಅದರ ಹೊಟ್ಟೆಗೆ ಹೋಗುತ್ತಿದ್ದದ್ದು ಎಲ್ಲರಿಗೂ ಗೊತ್ತಿತ್ತು. ಬಡವರ ಬುಡ್ಡಿಗೆ ಸಿಗಬೇಕಾದ ಎಣ್ಣೆ ಅದು.

1990ರ ದಶಕದ ಶುರುವಿನಲ್ಲಿ ಬಂಗಾರಪ್ಪನವರ ಸರ್ಕಾರ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಉಚಿತ ಕರೆಂಟು ಕೊಟ್ಟಿತು. ಬೋರ್‌ವೆಲ್‌ಗಳು ಏರಿದವು, ನೀರು ಇಳಿಯಿತು, ಮೋಟಾರಿನ ಎಚ್‌ಪಿ ಏರಿತು. ಒಂದೇ ಲೈನಿನಲ್ಲಿ ತೋಟವೂ ಮನೆಯೂ. ತೋಟದ ಮೋಟಾರು ತಡೆಯಲು ರಾತ್ರಿ ಸಿಂಗಲ್ ಫೇಸ್ ಕೊಟ್ಟರೆ, ಕಂಡೆನ್ಸರ್ ಹಾಕಿ ಮೋಟಾರು ಓಡಿಸುವ ವಿದ್ಯೆ ನಾವು ಕಲಿತೆವು. ಓಲ್ಟೇಜ್ ಬಿದ್ದು ಮನೆಯ ಬಲ್ಬು ಕೆಂಪಗೆ ಕೆಂಡದ ಹಾಗೆ. ನನ್ನ ಹತ್ತನೇ ಕ್ಲಾಸಿನ ಓದು ಆ ಕೆಂಪು ಬೆಳಕಿನಲ್ಲೇ ನಡೆಯಿತು. 2002ರಲ್ಲಿ ನಮ್ಮ ಜಿಲ್ಲೆ ಬೆಸ್ಕಾಂಗೆ ಬಂತು. 2010ರ ಆಸುಪಾಸಿನಲ್ಲಿ ನಿರಂತರ ಜ್ಯೋತಿ ಯೋಜನೆ ಬಂದು ಮನೆಗೂ ತೋಟಕ್ಕೂ ಬೇರೆ ಬೇರೆ ಫೀಡರ್ ಆಗತೊಡಗಿದ ಮೇಲೆ ಸ್ವಲ್ಪ ಉಸಿರಾಡಿದೆವು.

ಇಲ್ಲೊಂದು ವಿಷಯ ಹೇಳಬೇಕು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಗ್ರಿಡ್ ಕುಸಿದು, ಎರಡನೇ ದಿನ 60 ಕೋಟಿಗೂ ಹೆಚ್ಚು ಜನರಿರುವ ಪ್ರದೇಶ ಕತ್ತಲಾಯಿತು. ಜಗತ್ತಿನಲ್ಲೇ ಅಷ್ಟು ದೊಡ್ಡ ಕತ್ತಲು ಆವರೆಗೆ ಆಗಿರಲಿಲ್ಲ. ನಮಗೇನೂ ಆಗಲಿಲ್ಲ. ಯಾಕೆಂದರೆ ದಕ್ಷಿಣದ ಗ್ರಿಡ್ ಆಗ ಉತ್ತರದ ಜೊತೆ ಒಂದಾಗಿ ಓಡುತ್ತಿರಲಿಲ್ಲ. ಎರಡೂ ಒಂದಾದದ್ದು 2013ರ ಡಿಸೆಂಬರ್ 31ರಂದು, ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ ಹೋಗುವ 765 ಕಿಲೋವೋಲ್ಟ್ ಲೈನಿನ ಮೂಲಕ. ನಮ್ಮ ಕತ್ತಲುಗಳೆಲ್ಲ ಸಾಮಾನ್ಯವಾಗಿ ಹತ್ತಿರದವೇ: ಸುಟ್ಟ ಟಿ.ಸಿ., ಬಿದ್ದ ಕಂಬ, ಬೇಸಿಗೆ ಮಳೆಯ ಗಾಳಿ. ಇಲ್ಲವೇ ಬರ. 2023ರ ಅಕ್ಟೋಬರ್‌ನಲ್ಲಿ ಪಂಪ್‌ಸೆಟ್‌ನ 7 ಗಂಟೆ ಕರೆಂಟು 5 ಗಂಟೆಗೆ ಇಳಿದಾಗ ರೈತರು ರಸ್ತೆಗಿಳಿದದ್ದನ್ನು ನಾನೇ ವರದಿ ಮಾಡಿದ್ದೆ.

ಈಗ "ಇಡೀ ಮನೆಗೆ ಜನರೇಟರ್" ಅನ್ನುವ ಆಸೆಗೆ ಬರೋಣ. ಲೆಕ್ಕ ಹಾಕಿ ನೋಡಿ. ಆರು ಎಲ್‌ಇಡಿ ಬಲ್ಬು 54 ವ್ಯಾಟ್, ಮೂರು ಫ್ಯಾನು 225, ಟಿವಿ 100, ಫ್ರಿಜ್ಜು 150. ಇಲ್ಲಿಗೆ ಸುಮಾರು 530 ವ್ಯಾಟ್. ಮಿಕ್ಸಿ ಹಾಕಿದರೆ ಇನ್ನೂ 500-750. ತೊಡಕಿರುವುದು ಮೋಟಾರಿನಲ್ಲಿ. ಸಂಪಿನ 1 ಎಚ್‌ಪಿ ಮೋಟಾರು ಓಡುವಾಗ ಸುಮಾರು 1,000 ವ್ಯಾಟ್ ಎಳೆದರೂ ಶುರುವಾಗುವ ಕ್ಷಣದಲ್ಲಿ ಅದರ ಮೂರು-ನಾಲ್ಕು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಕರೆಂಟು ಕೇಳುತ್ತದೆ. ಫ್ರಿಜ್ಜೂ ಹಾಗೆಯೇ. ಅದಕ್ಕೇ 2 ಕೆವಿಎ ಜನರೇಟರ್ ತಂದವರು ಮೋಟಾರು ಹಾಕಿದ ಕೂಡಲೇ "ಗುರ್" ಅಂತ ನಿಂತುಹೋಯಿತು ಅಂತ ಅಂಗಡಿಯವನನ್ನು ಬೈಯುವುದು. ಮೋಟಾರು ಮೊದಲು ಹಾಕಿ, ಅದು ಓಡಿದ ಮೇಲೆ ಉಳಿದದ್ದು ಹಾಕಿದರೆ ಸಣ್ಣ ಜನರೇಟರ್ ಕೂಡ ಕೆಲವೊಮ್ಮೆ ತಡೆಯುತ್ತದೆ. ಗೀಸರ್, ಇಸ್ತ್ರಿಪೆಟ್ಟಿಗೆ ಮಾತ್ರ ಬೇಡವೇ ಬೇಡ.

ಖರ್ಚು? ಸಣ್ಣ ಜನರೇಟರ್‌ನಲ್ಲಿ ಒಂದು ಲೀಟರ್ ಡೀಸೆಲ್‌ಗೆ ಮೂರು ಯೂನಿಟ್ ಬಂದರೆ ಹೆಚ್ಚು. ಅಂದರೆ ಯೂನಿಟ್‌ಗೆ 30 ರೂಪಾಯಿ ಮೇಲೆಯೇ. 2023ರಿಂದ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಬಿಲ್ಲು ಕಟ್ಟದ ಮನೆ, ಕರೆಂಟು ಹೋದ ಗಳಿಗೆಯಿಂದ ಯೂನಿಟ್‌ಗೆ 30 ರೂಪಾಯಿ ಸುಡುತ್ತದೆ. ದೀಪ, ಫ್ಯಾನು, ಟಿವಿಗೆ ಮಾತ್ರವಾದರೆ ಯುಪಿಎಸ್ ಸಾಕು ಅಂತ ನನ್ನ ಲೆಕ್ಕ.

ಇನ್ನು ನಮ್ಮ ಮನೆಯ ಕತೆ.

ನಾನು ಪಿಯುಸಿ ಓದುವಾಗ ಅಪ್ಪ ಒಂದು ಹಳೆಯ ಜನರೇಟರ್ ತಂದರು. ಅಕ್ಕನ ಮದುವೆ ಹತ್ತಿರವಿತ್ತು. ಅದನ್ನು ಮನೆಯ ವೈರಿಂಗ್‌ಗೆ ಕೊಡುವುದು ಹೇಗೆ? ಒಂದು ವೈರಿನ ಎರಡೂ ತುದಿಗೆ ಪಿನ್ನು ಹಾಕಿ, ಒಂದು ಜನರೇಟರ್‌ಗೆ, ಇನ್ನೊಂದು ನಡುಮನೆಯ ಪ್ಲಗ್ಗಿಗೆ ಚುಚ್ಚಿದರು. ಇಡೀ ಮನೆ ಬೆಳಗಿತು. ಮೇನ್ ಸ್ವಿಚ್ ಆಫ್ ಮಾಡಿದರೆ ಸಾಕು ಅಂತ ಅಪ್ಪನಿಗೂ ಗೊತ್ತಿತ್ತು. ಎಷ್ಟೋ ಸಲ ಮಾಡಿದ್ದರು. ಒಂದು ಸಂಜೆ ಮರೆತರು.

ಮೇನ್ ಆಫ್ ಆಗದಿದ್ದರೆ ಜನರೇಟರ್‌ನ ಕರೆಂಟು ಮೀಟರ್ ದಾಟಿ ಹಿಂದಕ್ಕೆ ಕಂಬಕ್ಕೆ ಹೋಗುತ್ತದೆ. ಸಾಮಾನ್ಯವಾಗಿ ಅಕ್ಕಪಕ್ಕದ ಮನೆಗಳ ಲೋಡೆಲ್ಲ ಮೇಲೆ ಬಿದ್ದು ಜನರೇಟರ್ ತಕ್ಷಣ ನಿಂತುಹೋಗುತ್ತದೆ. ಅವತ್ತು ಗಾಳಿಗೆ ತಂತಿ ಹರಿದು, ಆ ತುಂಡಿನಲ್ಲಿ ನಮ್ಮ ಮನೆ ಒಂದೇ ಉಳಿದಿತ್ತು. ಲೋಡಿಲ್ಲ, ಜನರೇಟರ್ ಹಾಯಾಗಿ ಓಡುತ್ತಿತ್ತು. ತಂತಿ ಹೊಂದಿಸಲು ಲೈನ್‌ಮನ್ ಅಣ್ಣ ಕಂಬ ಹತ್ತಿದ್ದರು. ಟಿ.ಸಿ. ಆಫ್ ಮಾಡಿಯೇ ಹತ್ತಿದ್ದರು, ಅವರ ತಪ್ಪಿರಲಿಲ್ಲ. ಸೊಂಟದ ಹಗ್ಗ ಇದ್ದದ್ದರಿಂದ ಕೆಳಗೆ ಬೀಳಲಿಲ್ಲ. ಬಲಗೈಯ ಎರಡು ಬೆರಳು ಹೋದವು. ಕರೆಂಟು ಟಿ.ಸಿ.ಯ ಕಡೆಗೆ ಹಿಂದೆ ಹೋಗಿದ್ದರೆ ಅದು 230 ವೋಲ್ಟನ್ನು ಸಾವಿರಗಟ್ಟಲೆ ವೋಲ್ಟಿಗೆ ಏರಿಸುತ್ತಿತ್ತು. ಆಗ ಬೆರಳಿನ ಮಾತೇ ಇರುತ್ತಿರಲಿಲ್ಲ.

ಅಪ್ಪ ಆಸ್ಪತ್ರೆಗೆ ಹೋಗಿ ಅವರ ಕಾಲ ಬಳಿ ಕೂತರು. ಅವರು ಹೇಳಿದ್ದು ಇಷ್ಟೇ, "ಯಜಮಾನ್ರೇ, ಒಂದು ಚೇಂಜ್‌ಓವರ್ ಸ್ವಿಚ್ ಹಾಕಿಸ್ಕಳ್ರಿ."

ಚೇಂಜ್‌ಓವರ್ ಅಂದರೆ ದೊಡ್ಡ ಮಾಯೆಯೇನಲ್ಲ. ಒಂದು ಕಬ್ಬಿಣದ ಡಬ್ಬಿ, ಒಂದು ಹಿಡಿ. ಮೇಲೆತ್ತಿದರೆ ಲೈನು, ಕೆಳಗಿಳಿಸಿದರೆ ಜನರೇಟರ್, ನಡುವೆ ಎರಡೂ ಇಲ್ಲ. ಎರಡೂ ಒಟ್ಟಿಗೆ ಸೇರಲು ದಾರಿಯೇ ಇಲ್ಲದ ಹಾಗೆ ಮಾಡಿರುತ್ತಾರೆ. ಮರೆಯುವವರಿಗೆಂದೇ ಮಾಡಿದ ಸ್ವಿಚ್ಚು. ಜನರೇಟರ್‌ನ ಹತ್ತನೇ ಒಂದು ಭಾಗದ ದುಡ್ಡೂ ಅದಕ್ಕೆ ಬೇಕಿರಲಿಲ್ಲ.

ಇನ್ನೊಂದು ಮಾತು, ಜನರೇಟರ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆಯಿಲ್ಲ. ಮಳೆ ಅಂತ ಅಡುಗೆಮನೆಯಲ್ಲೋ ಶಟರ್ ಎಳೆದ ಅಂಗಡಿಯಲ್ಲೋ ಇಟ್ಟರೆ ಒಳಗಿದ್ದವರು ನಿದ್ದೆಯಲ್ಲೇ ಹೋಗುತ್ತಾರೆ. ಹೊರಗೆ, ಕಿಟಕಿಯಿಂದ ದೂರ, ಮೇಲೊಂದು ತಗಡು.

ಲೈನ್‌ಮನ್ ಅಣ್ಣ ಈಗ ರಿಟೈರ್ ಆಗಿದ್ದಾರೆ. ಅವರ ಜಾಗಕ್ಕೆ ಬಂದ ಹುಡುಗ ಕಂಬ ಹತ್ತುವ ಮುಂಚೆ ತಂತಿಗಳನ್ನು ಸೇರಿಸಿ ಅರ್ತ್ ಮಾಡುತ್ತಾನೆ. ಅದಾದ ಮೇಲೂ ಒಂದು ನಿಮಿಷ ಸುಮ್ಮನೆ ನಿಂತು ಯಾವ ಮನೆಯಿಂದ ಜನರೇಟರ್ ಸದ್ದು ಬರುತ್ತಿದೆ ಅಂತ ಕೇಳಿಸಿಕೊಳ್ಳುತ್ತಾನೆ. ಹೊಸ ಜನರೇಟರ್‌ಗಳು ಪೆಟ್ಟಿಗೆಯೊಳಗೆ ಕೂತು ಸದ್ದೇ ಮಾಡುವುದಿಲ್ಲ ಅಂತ ಮೊನ್ನೆ ಬೇಜಾರು ಮಾಡಿಕೊಂಡ. ಅದಕ್ಕೆ ಈಗ ಬಾಗಿಲು ಬಾಗಿಲಿಗೆ ಹೋಗಿ ಕೇಳುತ್ತಾನೆ, "ಅಕ್ಕ, ನಿಮ್ಮನೇದು ಓಡ್ತಾ ಐತಾ?"