ಭೂತಯ್ಯನ ಊರು, ನಂಜಮ್ಮನ ಊರು

ಹಾಸನದ ಕಡೆ ಹಿಂದೆ ಹಳ್ಳಿ ಬದುಕು ಹೇಗಿತ್ತು ಅಂತ ಆಫೀಸಿನ ಗೆಳೆಯರು ಕೇಳಿದರೆ ನಾನು ಒಂದು ಸಿನಿಮಾ, ಒಂದು ಕಾದಂಬರಿ ಹೆಸರಿಸ್ತೀನಿ. ಗೊರೂರು ರಾಮಸ್ವಾಮಿ ಅಯ್ಯಂಗಾರ್ ಕಥೆಯಿಂದ ಸಿದ್ದಲಿಂಗಯ್ಯ 1974ರಲ್ಲಿ ಮಾಡಿದ ‘ಭೂತಯ್ಯನ ಮಗ ಅಯ್ಯು’. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪನವರ ‘ಗೃಹಭಂಗ’, 1970ರದ್ದು.

ಸಿನಿಮಾ ಅಂದ್ರೆ ನನಗೆ ಪಂಚಪ್ರಾಣ. ಸಾಲ, ಹಗೆ, ಕೋರ್ಟು ಖರ್ಚು ಎಲ್ಲ ನಮ್ಮೂರಿನದ್ದೇ. ಲೋಕನಾಥ್ ಉಪ್ಪಿನಕಾಯಿಗೆ ಈಗಲೂ ನಗು ಬರುತ್ತೆ. ನಿರಾಸೆ ಆಗೋದು ಕೊನೆಯಲ್ಲಿ. ಪ್ರವಾಹ ಬಂದು ವೈರಿಗಳನ್ನು ಒಂದು ಮಾಡಿಬಿಡುತ್ತೆ. ಹಳ್ಳಿಯ ಹಗೆ ಅಷ್ಟು ಸುಲಭವಾಗಿ ಕೊಚ್ಚಿ ಹೋಗಲ್ಲ ಸ್ವಾಮಿ!

‘ಗೃಹಭಂಗ’ದಲ್ಲಿ ಆ ಸಮಾಧಾನವಿಲ್ಲ. ಶಾನುಭೋಗಿಕೆ ಗಂಡನ ಹೆಸರಲ್ಲಿ, ಲೆಕ್ಕ ಬರೆಯುವವಳು ನಂಜಮ್ಮ. ಸಂಸಾರ ದಡ ಸೇರಿತು ಅನ್ನುವಷ್ಟರಲ್ಲಿ ಪ್ಲೇಗು ಬೆಳೆದ ಇಬ್ಬರು ಮಕ್ಕಳನ್ನು ಒಯ್ಯುತ್ತೆ, ಆಮೇಲೆ ಅವಳನ್ನೂ. ಭೈರಪ್ಪನವರೂ ಬಾಲ್ಯದಲ್ಲೇ ತಾಯಿಯನ್ನು ಪ್ಲೇಗಿಗೆ ಕಳೆದುಕೊಂಡವರು.

ನಮ್ಮ ಇತಿಹಾಸದ ಪಾಠದಲ್ಲಿ ಬೇಲೂರು, ಹಳೇಬೀಡು ಇದ್ದವು. ಪ್ಲೇಗಿಗೆ ಹೆದರಿ ಜನ ಊರು ಬಿಟ್ಟು ಗುಡಿಸಲು ಹಾಕಿಕೊಂಡ ವರ್ಷಗಳು ಇರಲಿಲ್ಲ. ವಿಷ್ಣುವರ್ಧನನ ಹೆಸರು ಗೊತ್ತಿದ್ದ ನಮಗೆ ಮುತ್ತಜ್ಜಿ ಯಾವುದರಿಂದ ಸತ್ತಳು ಅನ್ನೋದು ಗೊತ್ತಿರಲಿಲ್ಲ. ಅದಕ್ಕೇ ಇಷ್ಟದ ಸಿನಿಮಾ ಅದಾದರೂ, ಇತಿಹಾಸ ಅಂತ ನಾನು ಗೆಳೆಯರ ಕೈಗಿಡೋದು ‘ಗೃಹಭಂಗ’ವನ್ನೇ.