ಮನಸ್ಸು ಎಲ್ಲಿತ್ತು ಎಂದು ಕೇಳುವ ವಿದ್ಯೆ

ಕೇಳುವವರ ಮನಸ್ಸು ಬೇರೆಲ್ಲೋ ಹೋಗಿದೆ ಎಂಬುದನ್ನು ಅವರ ಮೈ ನೋಡಿಯೇ ಹೇಳಬಹುದೆಂದು ನಂಬಿದವರಲ್ಲಿ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಒಬ್ಬರು. ನೀರಸ ಸಭೆಯೊಂದರಲ್ಲಿ ಕುಳಿತು ಸುಮಾರು ಐವತ್ತು ಮಂದಿಯ ಮಿಸುಕಾಟ ಎಣಿಸಿ, 1885ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದರು. ಗಡಿಯಾರ ತೆಗೆದರೆ ಅಕ್ಕಪಕ್ಕದವರಿಗೆ ಗೊತ್ತಾಗುತ್ತದೆಂದು ತಮ್ಮ ಉಸಿರನ್ನೇ ಅಳತೆಗೆ ಬಳಸಿಕೊಂಡಿದ್ದರು. ಮಾತು ಹಿಡಿಸಿದಾಗ ಮಿಸುಕಾಟ ಇಳಿಯುತ್ತಿತ್ತು, ಬೇಸರವಾದಾಗ ಏರುತ್ತಿತ್ತು. (ಎಣಿಸುತ್ತಿದ್ದವರ ಗಮನವಂತೂ ಉಪನ್ಯಾಸದ ಮೇಲಿರಲಿಲ್ಲ.) ಆದರೆ ಮರದಂತೆ ಅಲುಗಾಡದೆ ಕುಳಿತೇ ಊರೆಲ್ಲ ಸುತ್ತಿ ಬರುವವರು ಈ ಲೆಕ್ಕಕ್ಕೆ ಸಿಗುವುದಿಲ್ಲ.

ಎರಡನೆಯ ಮಹಾಯುದ್ಧ ಈ ಪ್ರಶ್ನೆಯನ್ನು ಜೀವ ಉಳಿಸುವ ಪ್ರಶ್ನೆಯನ್ನಾಗಿಸಿತು. ಬ್ರಿಟಿಷ್ ವಾಯುಪಡೆಯ ರೇಡಾರ್ ಕಾವಲುಗಾರರು ಹೊತ್ತು ಕಳೆದಂತೆ ಪರದೆಯ ಮೇಲಿನ ಗುರುತುಗಳನ್ನು ತಪ್ಪಿಸಿಕೊಳ್ಳುತ್ತಿದ್ದರು. ಕೇಂಬ್ರಿಜ್‌ನ ನಾರ್ಮನ್ ಮ್ಯಾಕ್‌ವರ್ತ್ ಇದಕ್ಕಾಗಿ ಅಂಕಿಗಳಿಲ್ಲದ ಒಂದು ಗಡಿಯಾರ ಮಾಡಿಸಿದರು. ಅದರ ಮುಳ್ಳು ಸೆಕೆಂಡಿಗೊಂದು ಹೆಜ್ಜೆ ಇಡುತ್ತಿತ್ತು. ಅಪರೂಪಕ್ಕೊಮ್ಮೆ ಎರಡು ಹೆಜ್ಜೆ ಹಾರುತ್ತಿತ್ತು. ಆ ಹಾರಿಕೆಯನ್ನು ಎರಡು ಗಂಟೆ ಕಾಯಬೇಕು. ಮೊದಲ ಅರ್ಧ ಗಂಟೆಯಲ್ಲೇ ತಪ್ಪುಗಳು ಎದ್ದು ಕಾಣುವಷ್ಟು ಹೆಚ್ಚಿದವು ಎಂದು ಅವರು 1948ರಲ್ಲಿ ಪ್ರಕಟಿಸಿದರು. ತಪ್ಪು ಸಿಕ್ಕಿತು ನಿಜ, ಕಾರಣ ಸಿಗಲಿಲ್ಲ. ಕಣ್ಣು ಸೋತಿತ್ತೋ, ನಿದ್ದೆ ಒತ್ತಿ ಬಂದಿತ್ತೋ, ಮನೆಯ ನೆನಪಾಗಿತ್ತೋ, ಗಡಿಯಾರ ಹೇಗೆ ಹೇಳೀತು?

ಆ ಮನುಷ್ಯನನ್ನೇ ಕೇಳಿಬಿಡಬಹುದಿತ್ತು. ಆದರೆ 1913ರಲ್ಲಿ ಜಾನ್ ವಾಟ್ಸನ್ ನಡವಳಿಕೆಯೊಂದೇ ಮನಶ್ಶಾಸ್ತ್ರದ ವಸ್ತು ಎಂದು ಸಾರಿದ ಮೇಲೆ, ಹಾಗೆ ಕೇಳುವುದು ಮರ್ಯಾದಸ್ಥ ವಿಜ್ಞಾನವಾಗಿ ಉಳಿದಿರಲಿಲ್ಲ. ಆ ಸಂಕೋಚ ಮುರಿದವರಲ್ಲಿ ಮುಖ್ಯರು ಜೆರೋಮ್ ಸಿಂಗರ್ ಮತ್ತು ಜಾನ್ ಆಂಟ್ರೋಬಸ್. 1960ರ ದಶಕದಲ್ಲಿ ಅವರು ಜನರನ್ನು ಧ್ವನಿಗಳನ್ನು ಗುರುತಿಸುವ ಕೆಲಸಕ್ಕೆ ಕೂರಿಸಿ, ನಡುನಡುವೆ ನಿಲ್ಲಿಸಿ, ಈಗ ಬೇರೇನಾದರೂ ಯೋಚಿಸುತ್ತಿದ್ದಿರಾ ಎಂದು ಕೇಳಿದರು. ಒಮ್ಮೆ, ಚೀನಾ ವಿಯೆಟ್ನಾಂ ಯುದ್ಧಕ್ಕಿಳಿದಿದೆ ಎಂಬ ಸುಳ್ಳು ರೇಡಿಯೋ ವಾರ್ತೆಯನ್ನು ಕೆಲವರ ಕಿವಿಗೆ ಬೀಳಿಸಿ ಒಳಗೆ ಕರೆದರು. ಇಂದಾದರೆ ಇಂಥ ಉಪಾಯಕ್ಕೆ ಅನುಮತಿ ಸಿಗುವುದು ಕಷ್ಟ. ಕೆಲಸಕ್ಕೆ ಸಂಬಂಧಪಡದ ಯೋಚನೆಗಳು ಆ ವಾರ್ತೆ ಕೇಳಿದವರಲ್ಲಿ ಹೆಚ್ಚಿದವು. ಕೇಳಿದರೆ ಜನ ಬಾಯಿಗೆ ಬಂದದ್ದನ್ನು ಹೇಳುತ್ತಾರೆ ಎಂಬ ಆಕ್ಷೇಪವಿದೆ. ಹಾಗೆ ಹೇಳುತ್ತಿದ್ದರೆ ಉತ್ತರ ಹೀಗೆ ಕಾರಣವನ್ನು ಹಿಂಬಾಲಿಸುತ್ತಿರಲಿಲ್ಲ.

ಮನಸ್ಸು ಅಲೆಯುತ್ತಿರುವುದು ಅಲೆಯುವವನಿಗೇ ತಿಳಿಯದಿದ್ದರೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಅದು ಸರಿಯೇ. ಜೊನಾಥನ್ ಸ್ಕೂಲರ್ ಮತ್ತು ಸಂಗಡಿಗರು ಓದುಗರಿಗೆ, ಗಮನ ತಪ್ಪಿದ್ದು ಅರಿವಾದೊಡನೆ ಗುಂಡಿ ಒತ್ತಲು ಹೇಳಿದರು. ಹಾಗಿದ್ದೂ, ನಡುವೆ ಹಠಾತ್ತನೆ ಕೇಳಿದಾಗ ಎಷ್ಟೋ ಸಲ ಅವರು ಅರಿವಿಲ್ಲದೆಯೇ ಸಿಕ್ಕಿಬಿದ್ದರು. ಆದರೂ ಪ್ರಶ್ನೆ ಬಿದ್ದೊಡನೆ ನಿಜ ಹೇಳಬಲ್ಲವರಾಗಿದ್ದರು ಎಂಬುದೇ ಇಲ್ಲಿ ಮುಖ್ಯ. 2010ರ ಒಂದು ಪ್ರಯೋಗದಲ್ಲಿ ನಾಲ್ವರು ಜೇನ್ ಆಸ್ಟಿನ್‌ರ ಕಾದಂಬರಿ ಓದುತ್ತಿದ್ದಾಗ ಅವರ ಕಣ್ಣಿನ ಚಲನೆ ಅಳೆಯಲಾಯಿತು. ಮನಸ್ಸು ಪುಟದ ಮೇಲಿಲ್ಲದಾಗ ನೋಟ ಪದಗಳ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತಿತ್ತು. ಅಪರೂಪದ ಪದ, ಬಳಕೆಯ ಪದ ಎಂಬ ಭೇದವೂ ಮಸುಕಾಗಿತ್ತು. ಮಾತಿಗೆ ಕಣ್ಣು ಸಾಕ್ಷಿ ಹೇಳಿತು.

ಹಾಗಾದರೆ ಕಣ್ಣೊಂದೇ ಸಾಲದೇ? ಕಠಿಣ ವಾಕ್ಯಕ್ಕೂ ನೋಟ ನಿಧಾನಿಸುತ್ತದೆ, ನಿದ್ದೆಗೂ ನಿಧಾನಿಸುತ್ತದೆ. ಯಾವುದು ಯಾವುದರ ಗುರುತೆಂದು ಯಂತ್ರಕ್ಕೆ ಕಲಿಸಬೇಕಾದರೆ ಮೊದಲು ಯಾರಾದರೂ ಓದುಗನನ್ನು ಕೇಳಿರಬೇಕು. ಅಲೆದ ಮನಸ್ಸು ಹೋದದ್ದೆಲ್ಲಿಗೆ ಎಂಬುದಕ್ಕಂತೂ ಉತ್ತರ ಅವನಲ್ಲೇ ಇದೆ. 2010ರಲ್ಲೇ ಸಂಶೋಧಕರಾದ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ ಫೋನಿನ ಮೂಲಕ 2,250 ವಯಸ್ಕರನ್ನು ಕೇಳಿದಾಗ, ಶೇ. 46.9ರಷ್ಟು ಸಲ ಮನಸ್ಸು ಮಾಡುತ್ತಿದ್ದ ಕೆಲಸದ ಮೇಲಿರಲಿಲ್ಲ. ಹಿತವಾದುದನ್ನು ನೆನೆಯುತ್ತಿದ್ದವರು ಕೂಡ ಕೆಲಸದಲ್ಲೇ ಇದ್ದವರಿಗಿಂತ ಹೆಚ್ಚು ಸಂತೋಷದಲ್ಲಿರಲಿಲ್ಲ.