ಉಡುಪೇ ನುಡಿಯಾದಾಗ: ಅಲೆಕ್ಸಾಂಡರ್ ಮೆಕ್ವೀನ್

‘ಇಂಥ ಬಟ್ಟೆಯನ್ನು ಯಾರು ತೊಡುತ್ತಾರೆ?’ ಫ್ಯಾಷನ್ ಪ್ರದರ್ಶನಗಳ ವಿಚಿತ್ರ ಉಡುಪುಗಳ ಚಿತ್ರ ಕಂಡಾಗಲೆಲ್ಲ ಏಳುವ ಪ್ರಶ್ನೆಯಿದು. ಆದರೆ ಅವೆಲ್ಲವೂ ಮಾರಾಟಕ್ಕೆಂದು ಹೊಲಿದವುಗಳಲ್ಲ. ಕೆಲವು ವಿನ್ಯಾಸಕರ ಪಾಲಿಗೆ ಪ್ರದರ್ಶನವೇ ರಂಗಭೂಮಿ. ತಮಗನಿಸಿದ್ದನ್ನು ಅವರು ಉಡುಪಿನ ಮೂಲಕ ಹೇಳುತ್ತಾರೆ. ಅಂಥವರಲ್ಲಿ ಪ್ರಮುಖರು ಬ್ರಿಟನ್ನಿನ ಅಲೆಕ್ಸಾಂಡರ್ ಮೆಕ್ವೀನ್ (1969–2010).

ಕತ್ತರಿಯ ಕಲಿಕೆ

ಲಂಡನ್ನಿನ ಟ್ಯಾಕ್ಸಿ ಚಾಲಕರೊಬ್ಬರ ಮಗನಾದ ಮೆಕ್ವೀನ್ 16ನೇ ವಯಸ್ಸಿನಲ್ಲಿ ಶಾಲೆ ಬಿಟ್ಟು, ಪುರುಷರ ಸೂಟುಗಳಿಗೆ ಹೆಸರಾದ ಸ್ಯಾವಿಲ್ ರೋ ಬೀದಿಯ ಆಂಡರ್ಸನ್ ಅಂಡ್ ಶೆಪರ್ಡ್ ಅಂಗಡಿಯಲ್ಲಿ ಹೊಲಿಗೆ ಕಲಿತರು. ಮುಂದೆ ನಾಟಕಗಳಿಗೆ ವೇಷಭೂಷಣ ಒದಗಿಸುವ ಸಂಸ್ಥೆಯಲ್ಲೂ ದುಡಿದರು. 1992ರಲ್ಲಿ ಸೆಂಟ್ರಲ್ ಸೇಂಟ್ ಮಾರ್ಟಿನ್ಸ್ ಕಾಲೇಜಿನಲ್ಲಿ ಸ್ನಾತಕೋತ್ತರ ಪದವಿಗಾಗಿ ಅವರು ರೂಪಿಸಿದ ಉಡುಪುಗಳನ್ನೆಲ್ಲ ಫ್ಯಾಷನ್ ಸಂಪಾದಕಿ ಇಸಾಬೆಲ್ಲಾ ಬ್ಲೋ 5,000 ಪೌಂಡ್‌ಗೆ ಕೊಂಡರು. ಹಣವನ್ನು ಕಂತುಗಳಲ್ಲಿ ತೀರಿಸಿದರು. 1996ರಿಂದ 2001ರವರೆಗೆ ಮೆಕ್ವೀನ್ ಪ್ಯಾರಿಸ್ಸಿನ ಜಿವಾಂಶಿ ಸಂಸ್ಥೆಯ ಮುಖ್ಯ ವಿನ್ಯಾಸಕರಾಗಿದ್ದರು. ಕತ್ತರಿಸುವ ವಿದ್ಯೆ ಕೈವಶವಾಗಿದ್ದರಿಂದಲೇ ನಿಯಮ ಮುರಿಯುವ ಧೈರ್ಯ ಅವರಿಗೆ ಬಂದಿತೆನ್ನಬಹುದು.

ವಿವಾದದ ವೇದಿಕೆ

1995ರ ‘ಹೈಲ್ಯಾಂಡ್ ರೇಪ್’ ಪ್ರದರ್ಶನದಲ್ಲಿ ರೂಪದರ್ಶಿಯರು ಹರಿದ ಉಡುಪು ತೊಟ್ಟು ತೂರಾಡುತ್ತ ನಡೆದರು. ಇದು ಹೆಣ್ಣಿಗೆ ಮಾಡಿದ ಅವಮಾನವೆಂದು ವಿಮರ್ಶಕರು ಖಂಡಿಸಿದರು. ಸ್ಕಾಟ್ಲೆಂಡಿನ ಮೂಲದ ಕುಟುಂಬದವರಾದ ಮೆಕ್ವೀನ್, ತಾವು ಹೇಳಹೊರಟಿದ್ದು ಆ ನಾಡಿನ ಮೇಲೆ ಇಂಗ್ಲೆಂಡ್ ನಡೆಸಿದ ದೌರ್ಜನ್ಯವನ್ನು ಎಂದು ಸಮರ್ಥಿಸಿಕೊಂಡರು. ಕಲಾವಿದನ ಉದ್ದೇಶ ಒಂದು, ನೋಡುಗನಿಗೆ ತಟ್ಟುವುದು ಇನ್ನೊಂದು ಆಗಬಹುದೆಂಬುದಕ್ಕೆ ಈ ಪ್ರಸಂಗ ನಿದರ್ಶನ.

1998ರ ಸೆಪ್ಟೆಂಬರ್‌ನಲ್ಲಿ ನಡೆದ ‘ನಂ. 13’ ಪ್ರದರ್ಶನದ ಕೊನೆಯಲ್ಲಿ ರೂಪದರ್ಶಿ ಶಾಲೋಮ್ ಹಾರ್ಲೋ ಬಿಳಿಯ ಉಡುಪಿನಲ್ಲಿ ತಿರುಗುವ ಪೀಠದ ಮೇಲೆ ನಿಂತರು. ಇಕ್ಕೆಲಗಳ ಎರಡು ಯಂತ್ರಮಾನವ ತೋಳುಗಳು ಆ ಉಡುಪಿಗೆ ಬಣ್ಣ ಎರಚಿದವು. ಅದೇ ಪ್ರದರ್ಶನದಲ್ಲಿ, ಮೊಣಕಾಲಿನ ಕೆಳಗೆ ಎರಡೂ ಕಾಲುಗಳಿಲ್ಲದ ಕ್ರೀಡಾಪಟು ಏಮಿ ಮುಲಿನ್ಸ್, ಕುಸುರಿ ಕೆತ್ತನೆಯ ಮರದ ಕಾಲುಗಳನ್ನು ತೊಟ್ಟು ನಡೆದರು. ಅವನ್ನು ಬೂಟುಗಳೆಂದೇ ಭಾವಿಸಿದವರಿದ್ದರು. ಕೊರತೆಯೆಂದು ಮರೆಮಾಚುವುದನ್ನು ಅಲಂಕಾರವಾಗಿ ಎತ್ತಿ ತೋರಿದ ಆ ನಡಿಗೆ, ಸುಂದರ ದೇಹವೆಂದರೆ ಯಾವುದೆಂಬ ಪ್ರಶ್ನೆಯನ್ನೇ ಮುಂದಿಟ್ಟಿತು.

2000ದ ‘ವಾಸ್’ ಪ್ರದರ್ಶನ ತಡವಾಗಿ ಆರಂಭವಾಯಿತು. ಅಲ್ಲಿಯವರೆಗೆ ಕನ್ನಡಿಯ ಗೋಡೆಗಳ ದೊಡ್ಡ ಪೆಟ್ಟಿಗೆಯೊಂದರ ಮುಂದೆ ಕುಳಿತ ಪ್ರೇಕ್ಷಕರು ತಮ್ಮನ್ನೇ ನೋಡಿಕೊಳ್ಳಬೇಕಾಯಿತು. ಸದಾ ಪರರ ರೂಪವನ್ನು ಅಳೆಯುವವರು ಅಂದು ತಮ್ಮ ಪ್ರತಿಬಿಂಬದೆದುರು ಮುಜುಗರಪಟ್ಟರು.

ವೇದಿಕೆಯಿಂದ ಬೀದಿಗೆ

ಇಂಥ ಪ್ರಯೋಗಗಳು ವೇದಿಕೆಯಲ್ಲೇ ಉಳಿಯುವುದಿಲ್ಲ. ಸೊಂಟಕ್ಕಿಂತ ಬಹಳ ಕೆಳಗೆ ನಿಲ್ಲುವ ಮೆಕ್ವೀನ್ ಅವರ ‘ಬಮ್‌ಸ್ಟರ್’ ಪ್ಯಾಂಟು 1990ರ ದಶಕದಲ್ಲಿ ಜನರನ್ನು ಬೆಚ್ಚಿಬೀಳಿಸಿತ್ತು. ಮುಂದೆ ಜಗತ್ತಿನಾದ್ಯಂತ ಹರಡಿದ ತಗ್ಗು ಸೊಂಟದ ಜೀನ್ಸ್‌ಗೆ ಅದೂ ಪ್ರೇರಣೆಯೆಂದು ಪರಿಗಣಿಸಲಾಗಿದೆ.

2010ರ ಫೆಬ್ರವರಿಯಲ್ಲಿ, 40ನೇ ವಯಸ್ಸಿನಲ್ಲಿ ಮೆಕ್ವೀನ್ ನಿಧನರಾದರು. ಮರುವರ್ಷ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ ಏರ್ಪಡಿಸಿದ ‘ಸ್ಯಾವೇಜ್ ಬ್ಯೂಟಿ’ ಪ್ರದರ್ಶನಕ್ಕೆ 6.6 ಲಕ್ಷಕ್ಕೂ ಹೆಚ್ಚು ಜನ ಬಂದರು. 2015ರಲ್ಲಿ ಅದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲೂ ನಡೆದು 4.9 ಲಕ್ಷಕ್ಕೂ ಹೆಚ್ಚು ಜನರನ್ನು ಸೆಳೆಯಿತು. ಬಂದವರಲ್ಲಿ ಬಹುಪಾಲು ಜನ ಆ ಉಡುಪುಗಳನ್ನು ಎಂದೂ ತೊಡುವವರಲ್ಲ. ಅವು ಏನು ಹೇಳುತ್ತಿವೆಯೆಂದು ನೋಡಲು ಬಂದವರು. ಇಂಥ ಉಡುಪು ಕಂಡಾಗ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಅದೇ.